ತಿನ್ನದವನ ಹೊಟ್ಟೆ

ಅದು ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ, ಯರಗಟ್ಟಿಯ ಸಂಗಪ್ಪ. ಒಂದು ಸಲ ಅಲ್ಲ, ಎರಡು ಸಲ ಎಂದ. ಮೀಸೆ ಮೂಡದ ವಯಸ್ಸಿನಲ್ಲಿ ನಾನು ಕಟಕೋಳ ಬಿಟ್ಟು ಇಂಗ್ಲಿಷ್ ಸಾಲಿಗೆ ಹೊರಟಾಗ, ತನ್ನ ಅರಳಿ ಅಂಗಡಿಯ, ಅಂದರೆ ಹತ್ತಿ ಅಂಗಡಿಯ, ಗಾದಿಯ ಮೇಲೆ ಕೂತು, "ರಂಟಿ ಹೊಡಿಯೂ ಒಕ್ಕಲ ಮನಿತನದಾಗ ಬಿ.ಎ. ಹುಟ್ಟತೈತಿ? ಕೋಣ ಈದರೂ ಈದೀತು, ಇದು ಆಗೂದಿಲ್ಲ" ಅಂದಿದ್ದ.

ಅದು ಆಯಿತು. ಹೇಗೆ ಆಯಿತು ಎಂಬುದು ಬೇರೆ ಕಥೆ. ಇಂಗ್ಲಿಷ್ ಕಲಿಯಲು ಮೊದಲು ಮರಾಠಿ ಕಲಿಯಬೇಕಿತ್ತು, ಮರಾಠಿ ಕಲಿಯಲು ಮೊದಲು ನಗೆಗೀಡಾಗುವುದನ್ನು ಕಲಿಯಬೇಕಿತ್ತು. ಪುಣೆಯಿಂದ ಬಿ.ಎ. ಹಿಡಿದುಕೊಂಡು ಬಂದೆ. ನಮ್ಮ ಓಣಿಯಲ್ಲಿ ಸಹಿ ಮಾಡಲು ಬರುವವರೇ ಇರಲಿಲ್ಲ.

ಎರಡನೆಯ ಸಲ ಅವನು ಅದೇ ಗಾದಿಯ ಮೇಲೆ ಕೂತು ನನ್ನ ಹೊಟ್ಟೆಯ ಮೇಲೆ ಕೈಯಾಡಿಸಿ ಅಂದ: "ಇದು ಸರಕಾರಿ ಹೊಟ್ಟಿ, ಅಳಿಯಾ. ಇಳಿಸತೇನಿ ಅಂದ್ರ ಆಗೂದಿಲ್ಲ. ನೀ ಪೆನ್ಶನ್ನಿಗೆ ಹೋದರೂ ಇದು ಹೋಗೂದಿಲ್ಲ."

ಆ ಹೊಟ್ಟೆಯ ಕಥೆ ಬರೆಯುತ್ತೇನೆ. ಅವ್ವ ಇರುವತನಕ ಬರೆಯುವಂತಿರಲಿಲ್ಲ. ಈಗ ಅವಳಿಲ್ಲ. ಉಣ್ಣುವುದು ಕಡಿಮೆ, ಊದುವುದು ಹೆಚ್ಚು ಎಂದು ಒಳಗೇ ಕುದಿಯುವವರು ಈ ಸೀಮೆಯಲ್ಲಿ ನಾನೊಬ್ಬನೇ ಇರಲಿಕ್ಕಿಲ್ಲ. ಬಿಸಿಲಲ್ಲಿ ಕಂಬಳಿ ಹೊದ್ದು ಕೂತ ಮತ್ತೊಬ್ಬನ ಕೈಗೆ ಇದು ಸಿಕ್ಕರೆ ಸಾಕು.

ಬೈಲಹೊಂಗಲದಲ್ಲಿ ಮನೆ ಮಾಡಿಕೊಂಡು ಸಾಲಿಗಳನ್ನು ತಪಾಸಣೆ ಮಾಡುವ ನೌಕರಿ ನನ್ನದು. ಕಿತ್ತೂರಿನಿಂದ ಸವದತ್ತಿಯತನಕ ತಟ್ಟುವಿನ ಮೇಲೆ, ಅಂದರೆ ನಮ್ಮ ಕಡೆಯ ಸಣ್ಣ ಕುದುರೆಯ ಮೇಲೆ, ಹಳ್ಳಿ ಹಳ್ಳಿ ತಿರುಗಬೇಕು. ಮಕ್ಕಳ ಮಗ್ಗಿ ಕೇಳಬೇಕು, ಮಾಸ್ತರರ ಹಾಜರಿ ನೋಡಬೇಕು. ನಲವತ್ತು ದಾಟಿದ ಮೇಲೆ ಕೋಟಿನ ಗುಂಡಿ ಹಾಕಲು ಬಾರದಂತಾಯಿತು. ಸಿಂಪಿಗ ಕಂಕುಳ ಕೆಳಗೆ ಒಂದು ಪಟ್ಟಿ ಕೂಡಿಸಿಕೊಟ್ಟ. ಮರುವರ್ಷ ಆ ಪಟ್ಟಿಗೆ ಇನ್ನೊಂದು ಪಟ್ಟಿ ಕೂಡಿಸಿದ. ಮುಖ ಊದಿತು. ಕಣ್ಣ ರೆಪ್ಪೆ ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಉಬ್ಬಿತು. ದನಿ ಒಡೆಯಿತು. ಊರೆಲ್ಲ ಅಂಗಿ ಕಳೆದು ಬೀಸಣಿಗೆ ಹಿಡಿದ ಚೈತ್ರದಲ್ಲಿ ನನಗೆ ಚಳಿ, ಮೈಮೇಲೆ ಕಂಬಳಿ. ಕೂತಲ್ಲಿ ತೂಕಡಿಕೆ. ಎದ್ದು ನೀರು ತರುವುದೆಂದರೆ ಗುಡ್ಡ ಹತ್ತಿದ ಹಾಗೆ.

ಬೇರೆ ಯಾವ ಬೇನೆ ಬಂದರೂ ಜನ ಅಯ್ಯೋ ಅನ್ನುತ್ತಾರೆ. ಈ ಬೇನೆಗೆ ಮಾತ್ರ ಶಾಭಾಶ್ ಅಂದರು. "ಸಾಹೇಬರು ಮೈ ಹಿಡದಾರ್ರೀ, ಹುದ್ದೇಕ್ಕ ಶೋಭಾ ಬಂತು" ಎಂದು ಪೇಟೆಯಲ್ಲಿ ನಿಲ್ಲಿಸಿ ಹೇಳುತ್ತಿದ್ದರು. ಕಟಕೋಳದಲ್ಲಿ ತಮ್ಮನ ಜೊತೆಗಿದ್ದ ಅವ್ವನಂತೂ ನಾನು ಗಾಡಿ ಇಳಿಯುತ್ತಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ನಿಮ್ಮಪ್ಪನ ಮೈಯಾಗ ಎಲಬು ಎಣಸಬಹುದಿತ್ತು. ನೀ ತುಂಬಿ ಬಂದಿ. ಯಾರ ಕಣ್ಣೂ ತಾಗಬಾರದ್ಯಪ್ಪಾ" ಅಂದಳು. ನಾನು ಅವಳ ಒಲೆಯ ಮುಂದೆ ನಡುಗುತ್ತ ಕೂತಿದ್ದೆ. ಮಗ ಎಷ್ಟು ದಿನದ ಮೇಲೆ ಒಲೆಯ ಹತ್ತಿರ ಕೂತ ಎಂದು ಅದಕ್ಕೂ ಸಂತೋಷಪಟ್ಟಳು.

ಶೋಭೆಯ ಮಾತು ಬಹಳ ದಿನ ಬಾಳಲಿಲ್ಲ. ನಮ್ಮ ಸೀಮೆಯಲ್ಲಿ ಮನುಷ್ಯ ರೊಟ್ಟಿ ಉಣ್ಣುತ್ತಾನೆ, ಲಂಚ ತಿನ್ನುತ್ತಾನೆ. ಸರಕಾರಿ ನೌಕರನನ್ನು ಕುರಿತು ಬರೇ 'ತಿಂತಾನ' ಅಂದರೆ ಏನು ತಿನ್ನುತ್ತಾನೆಂದು ಯಾರೂ ಕೇಳುವುದಿಲ್ಲ.

ನಾನು ಯಾವ ಹಳ್ಳಿಗೆ ಹೋದರೂ ಮಾಸ್ತರರ ಮನೆಯಲ್ಲಿ ಉಣ್ಣಲು ಕೈ ತೊಳೆಯುವವನಲ್ಲ. ನನ್ನ ಹೆಂಡತಿ ಗಂಗವ್ವ ಅರಿವೆಯಲ್ಲಿ ಕಟ್ಟಿಕೊಟ್ಟ ರೊಟ್ಟಿ, ಮೇಲೆ ಪುಂಡಿಪಲ್ಯ, ಅಷ್ಟೇ. ರಂಟೆಯ ಹಿಂದಿನಿಂದ ಬಂದವನು ನಾನು. ನನ್ನ ಮೇಲೆ ಒಂದು ಕಲೆ ಬಿದ್ದರೆ ಅದು ನಮ್ಮವರೆಲ್ಲರ ಮೇಲೆ ಬೀಳುತ್ತದೆಂಬುದು ಗೊತ್ತಿತ್ತು. ಒಂದು ದಿನ ಉಗರಗೋಳದ ಸಾಲಿಯ ಹಿಂದಿನ ಬೇವಿನ ನೆರಳಲ್ಲಿ ಆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದೆ. ಗೋಡೆಯ ಆಚೆ ಇಬ್ಬರು ಮಾಸ್ತರರು ಮಾತಾಡುತ್ತಿದ್ದರು.

"ನಮ್ಮನ್ಯಾಗಿಂದು ಹನಿ ನೀರೂ ಮುಟ್ಟೂದಿಲ್ಲೋ. ಒಂದ ರೊಟ್ಟಿ ಕಟಗೊಂಡ ಬರತಾನ."

"ಒಂದ ರೊಟ್ಟಿ ಉಂಡು ಆ ಹೊಟ್ಟಿ ಬರತೈತಿ? ನಾವೂ ಒಂದ ಉಣತೇವಪಾ. ನಮಗ್ಯಾಕ ಬಂದಿಲ್ಲ?"

"ಹಂಗಾರ?"

"ತಿಂತಾನ. ಇಲ್ಲಿ ಉಣ್ಣೂದಿಲ್ಲ, ಎಲ್ಲೆರೆ ತಿಂತಾನ. ಬಾಯಿ ಸುಳ್ಳ ಹೇಳೀತು, ಹೊಟ್ಟಿ ಹೇಳತೈತೇನು?"

ಇಬ್ಬರೂ ನಕ್ಕರು. ಎದ್ದು ಹೋಗಿ ಏನು ಹೇಳಲಿ? ಅವರ ಸಾಕ್ಷಿ ನನ್ನ ನಡುವಿಗೇ ಕಟ್ಟಿಕೊಂಡಿತ್ತು. ಉಳಿದ ರೊಟ್ಟಿಯನ್ನು ತಟ್ಟುವಿಗೆ ಹಾಕಿದೆ. ಬಾಡಿಗೆಯ ತಟ್ಟು ಹಿಡಿದು ಜೊತೆಗೆ ಬರುತ್ತಿದ್ದ ಇಮಾಮಸಾಬ ಬಾಯಿ ಬಿಗಿ ಹಿಡಿಯುವ ಪೈಕಿ ಅಲ್ಲ. "ಹಾಕ್ರಿ ಸಾಹೇಬರ, ಹಾಕ್ರಿ. ಅದೂ ಕೇಳಾಕ ಹತ್ತೈತಿ, ಒಬ್ಬರ ಬಾಡಿಗಿ ಇಸಗೊಂಡು ಇಬ್ಬರನ್ನ ಯಾಕ ಹೇರಿದಿ ಅಂತ" ಅಂದ. ಇವನ ಕುಹಕ ನನ್ನ ಮುಖಕ್ಕೆ ನೇರವಾಗಿ ಬರುತ್ತಿತ್ತು. ಅಷ್ಟರಮಟ್ಟಿಗೆ ಅವನ ಮೇಲೆ ಪ್ರೀತಿ.

ಅಂದಿನಿಂದ ಒಂದು ರೊಟ್ಟಿಯನ್ನು ಅರ್ಧ ಮಾಡಿದೆ. ಬೈಲಹೊಂಗಲದ ವೈದ್ಯರು ಬಿಸಿನೀರಲ್ಲಿ ಜೇನು ಕುಡಿಯಿರಿ, ಹುರಳಿ ಕಟ್ಟು ಉಣ್ಣಿರಿ, ತುಪ್ಪ ಮುಟ್ಟಬೇಡಿ ಅಂದರು. ಮುಟ್ಟಲಿಲ್ಲ. ಎಲ್ಲಮ್ಮನ ಗುಡ್ಡ ಹತ್ತಿ ಇಳಿಯಿರಿ ಅಂದರು. ಹತ್ತುತ್ತ ದಾರಿಯಲ್ಲೇ ಕೂತು ನಿದ್ದೆ ಹೋದೆ. ಹಸಿವು ಹೆಚ್ಚಾಯಿತೇ ಹೊರತು ಮೈ ತಗ್ಗಲಿಲ್ಲ. ವೈದ್ಯರು ನನ್ನ ಕಡೆ ನೋಡಿ, "ಪಥ್ಯಾ ಮಾಡಾಕ ಹತ್ತೀರಿ, ಖರೆ ಅಲ್ರೀ?" ಅಂದರು. ಅವರೂ ಆ ಮಾಸ್ತರರ ಜೊತೆಗೆ ಸೇರಿದರು.

ಅವರಾದರೂ ಹೊರಗಿನವರು. ಒಂದು ಸಂಜೆ ಗಂಗವ್ವ ಹುರಳಿ ಕಟ್ಟಿನ ಬಟ್ಟಲು ಮುಂದಿಟ್ಟು, ಸೆರಗಿನ ತುದಿ ಹೊಸೆಯುತ್ತ ನಿಂತಳು.

"ರೀ, ಸಿಟ್ಟಾಗಬ್ಯಾಡ್ರಿ. ನಾ ಹಾಕಿದ್ದು ನನಗ ಗೊತ್ತೈತಿ. ಇದರಾಗ ಈ ಮೈ ಬರೂದಿಲ್ಲ. ಹೊರಗ ಏನರೆ..."

ಮಾತು ಮುಗಿಸಲಿಲ್ಲ. ಉಣ್ಣುವುದು ಎನ್ನಲಿದ್ದಳೋ ತಿನ್ನುವುದು ಎನ್ನಲಿದ್ದಳೋ, ನಾನೂ ಕೇಳಲಿಲ್ಲ. ಬಟ್ಟಲನ್ನು ಹಾಗೇ ಸರಿಸಿ ಎದ್ದೆ. ಬಹಳ ದಿನ ನಮ್ಮಿಬ್ಬರ ನಡುವೆ ಅಡಿಗೆಯ ಮಾತಿನ ಹೊರತು ಮಾತಿರಲಿಲ್ಲ.

ಕಿತ್ತೂರಿನ ಸಾಲಿಯಲ್ಲಿ ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿರುವಾಗ ನಾನು ಕುರ್ಚಿಯಲ್ಲಿ ನಿದ್ದೆ ಹೋದೆ. ಗೊರಕೆ ಹೊಡೆದೆನಂತೆ. ಊರ ಹಿರಿಯರು ಬಾಗಿಲಲ್ಲಿ ನಿಂತಿದ್ದರು. ಧಾರವಾಡದ ಕಚೇರಿಗೆ ದೂರು ಹೋಯಿತು, ಅಲ್ಲಿಂದ ಕರೆ ಬಂತು.

ಮೇಲಧಿಕಾರಿ ಪುಣೆಯ ಕಡೆಯವರು. ಮರ್ಯಾದೆಯ ಮನುಷ್ಯ. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ನಿಮಗೆ ಕುದುರೆ ಹತ್ತಲು ಆಗುವುದಿಲ್ಲವೆಂದು ದೂರು ಇದೆ. ಸಾಲಿಯಲ್ಲಿ ಮಲಗುತ್ತೀರಿ ಎಂದೂ ಇದೆ. ಇನ್ನೂ ಒಂದಿದೆ, ಅದನ್ನು ನಾನು ನಂಬುವುದಿಲ್ಲ. ಹೀಗೆನ್ನುತ್ತ ಅವರು ನೋಡುತ್ತಿದ್ದದ್ದು ನನ್ನ ಹೊಟ್ಟೆಯನ್ನು.

ದೀರ್ಘ ರಜೆ ಕೊಟ್ಟರು. ಬೆಳಗಾವಿಯ ಸಿವಿಲ್ ಸರ್ಜನ್ ಸಾಹೇಬರಿಂದ 'ಸವಾರಿಗೂ ಕೆಲಸಕ್ಕೂ ಯೋಗ್ಯ' ಎಂಬ ಸರ್ಟಿಫಿಕೇಟು ತರಬೇಕು, ತರದಿದ್ದರೆ ಅಶಕ್ತನೆಂದು ಮನೆಗೆ ಹೋಗಬೇಕು.

ಹೋಗುವುದು ನೌಕರಿ ಒಂದೇ ಆಗಿದ್ದರೆ ಕಟಕೋಳದಲ್ಲಿ ಹೊಲ ಇತ್ತು, ಸಾಯುತ್ತಿರಲಿಲ್ಲ. ಆದರೆ ದೂರಿನ ಬೆನ್ನಿಗೆ ನೌಕರಿ ಹೋದವನು ಬೇನೆಯಿಂದ ಹೋದನೆಂದು ಯಾರು ಹೇಳುತ್ತಾರೆ? ತಿಂದು ಹೋದ ಅನ್ನುತ್ತಾರೆ. ನಮ್ಮವರಲ್ಲಿ ಮಗನನ್ನು ಸಾಲಿಗೆ ಹಾಕಬೇಕೋ ಬೇಡವೋ ಎಂದು ಹೊಸ್ತಿಲ ಮೇಲೆ ನಿಂತ ಪ್ರತಿಯೊಬ್ಬ ಅಪ್ಪನಿಗೂ ನನ್ನನ್ನು ತೋರಿಸುತ್ತಾರೆ. ನಾನು ಉಳಿಸಿಕೊಳ್ಳಬೇಕಾಗಿದ್ದದ್ದು ನೌಕರಿಗಿಂತ ನನ್ನ ಹೆಸರು.

ಬೆಳಗಾವಿಗೆ ಗಂಗವ್ವ ತಾನೂ ಬರುತ್ತೇನೆಂದು ಬುತ್ತಿ ಕಟ್ಟಿಕೊಂಡು ಗಾಡಿ ಹತ್ತಿದಳು. ಬೇಡ ಎನ್ನುವ ಶಕ್ತಿ ನನಗಿರಲಿಲ್ಲ.

ದೊಡ್ಡ ದವಾಖಾನೆಯ ಪಡಸಾಲೆಯಲ್ಲಿ ಎಲ್ಲರಿಗೂ ಕಣ್ಣಿಗೆ ಕಾಣುವ ಬೇನೆ ಇತ್ತು. ಒಬ್ಬನ ಕಾಲು ಮುರಿದಿತ್ತು, ಒಬ್ಬಳಿಗೆ ಕಣ್ಣಲ್ಲಿ ಹೂ ಬಿದ್ದಿತ್ತು. ಕೋಟು ರುಮಾಲಿನಲ್ಲಿ ಗುಂಡಗೆ ಕೂತ ನನ್ನನ್ನು ನೋಡಿ ಸವದತ್ತಿ ಕಡೆಯ ಮುದುಕನೊಬ್ಬ ಕೆಮ್ಮು ನಿಲ್ಲಿಸಿ, "ಸಾವಕಾರ್ರ, ನಿಮಗೇನ ಆಗೈತ್ರಿ? ಹೊಟ್ಟಿ ತುಂಬಿದ ಬ್ಯಾನಿ ಇದ್ರ ನಮಗೂ ಒಂದೀಟು ಹಚ್ಚಿ ಹೋಗ್ರಿ" ಅಂದ. ಪಡಸಾಲೆಯೆಲ್ಲ ನಕ್ಕಿತು. ಗಂಗವ್ವ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಏಳಹೋಗಿ ತಡವರಿಸಿದೆ. ಅದೇ ಮುದುಕ ಕೈ ಹಿಡಿದ. ಹಿಡಿದವನು ಬಿಡಲಿಲ್ಲ. ನನ್ನ ಬೆರಳುಗಳನ್ನು ತಿರುಗಿಸಿ ನೋಡಿ, "ಎಪ್ಪಾ, ಇದೇನ್ರೀ ಹಿಂಗ ಹೆಣದ ಕೈಯಿದ್ದಂಗ ಐತಿ" ಅಂದ. ಮೆಟ್ಟಿಲ ಮೇಲೆ ಬಿಸಿಲು ಬಿದ್ದ ಜಾಗ ಅವನದು. ಅದನ್ನು ಬಿಟ್ಟು ನನ್ನನ್ನು ಕೂರಿಸಿ, ತಾನು ನೆರಳಲ್ಲಿ ಕೆಮ್ಮುತ್ತ ಕೂತ. ಅಷ್ಟು ವರ್ಷಗಳಲ್ಲಿ ನನಗೆ ಬೇನೆ ಇದೆ ಎಂದು ನಂಬಿದ ಮೊದಲ ಮನುಷ್ಯ ಅವನು. ಹೆಸರು ಕೇಳಲಿಲ್ಲ.

ಸರ್ಜನ್ ಸಾಹೇಬ ನನ್ನನ್ನು ನೋಡುತ್ತಲೇ, ಬಹಳ ಉಣ್ಣುತ್ತೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲ, ಅರ್ಧ ರೊಟ್ಟಿ ಅಂದೆ. ದಪ್ಪಗಿದ್ದವರೆಲ್ಲ ಹೀಗೇ ಹೇಳುತ್ತಾರೆ ಎಂದು ನಕ್ಕು, ಹೆಂಡತಿಯನ್ನು ಕೇಳು ಎಂದು ತನ್ನ ಕೈಕೆಳಗಿನ ಡಾಕ್ಟರನಿಗೆ ಹೇಳಿದ. ಆ ಹುಡುಗ ಕೊಂಕಣದವನು. ಅವನಿಗೆ ಬರುತ್ತಿದ್ದದ್ದು ಪೇಟೆಯಲ್ಲಿ ಕಲಿತ ಕನ್ನಡ. ಬಾಗಿಲ ಹೊರಗೆ ನಿಂತಿದ್ದ ಗಂಗವ್ವನನ್ನು ಅವನು ಕೇಳಿದ್ದು ಹೀಗೆ:

"ಬಾಯಾರ, ಇವರು ಭಾಳ ತಿಂತಾರ?"

ಗಂಗವ್ವ ಸೆರಗು ಬಿಗಿದು ಒಳಗೇ ಬಂದಳು.

"ಯಾವ ಭಾಡ್ಯಾ ಹೇಳಿದಾ ನಿಮಗ? ಇಲ್ಲೀತನಾನೂ ಬಂತೇನು ಆ ಮಾತು? ನನ್ನ ಕೊರಳಾಗಿನ ಲಿಂಗದಾಣಿ ಮಾಡಿ ಹೇಳತೇನಿ, ನನ್ನ ಗಂಡ ತಿನ್ನೂ ಮನಶ್ಯಾ ಅಲ್ಲ! ಇಂದಿನತನಾ ಒಂದ ಕಾಳ ತಿಂದಿಲ್ಲ! ಯಾರ ಮನೀದೂ ತಿಂದಿಲ್ಲ!"

ಹುಡುಗ ಗಾಬರಿಯಾಗಿ ಸಾಹೇಬನ ಕಡೆ ತಿರುಗಿದ. ಈ ಮನುಷ್ಯ ಹುಟ್ಟಿದಾಗಿನಿಂದ ಏನೂ ತಿಂದಿಲ್ಲವೆಂದು ಇವಳು ದೇವರ ಮೇಲೆ ಆಣೆ ಮಾಡುತ್ತಾಳೆ ಅಂದ.

ಸಾಹೇಬ ಮೇಜು ಬಡಿದು ನಕ್ಕ. ನಾನು ನಗಲಿಲ್ಲ. ಹುರಳಿ ಕಟ್ಟಿನ ಬಟ್ಟಲ ಮುಂದೆ ಅರ್ಧಕ್ಕೆ ಬಿಟ್ಟ ಮಾತನ್ನು ಗಂಗವ್ವ ಪರವೂರಲ್ಲಿ, ಪರರ ಮುಂದೆ, ತಾನೇ ಕಡಿದು ಹಾಕಿದ್ದಳು. ಏನೋ ಹೇಳಲು ಹೋದೆ, ಒಡಕು ದನಿ ಹೊರಬಿತ್ತು. ಆ ದನಿ ಕೇಳಿ ಸಾಹೇಬನ ನಗೆ ನಿಂತಿತು. ಎದ್ದು ಬಂದು ನನ್ನ ರೆಪ್ಪೆ ನೋಡಿದ. ಮೀನಖಂಡ ಒತ್ತಿ ನೋಡಿದ, ಕೊರಳು ಮುಟ್ಟಿ ನೋಡಿದ. ಚಳಿ ಎಷ್ಟು ವರ್ಷದಿಂದ ಎಂದು ಕೇಳಿದ. ಇಂಥದ್ದನ್ನು ತನ್ನ ದೇಶದಲ್ಲಿ ನೋಡಿದ್ದನಂತೆ. ಉದ್ದನ್ನ ಹೆಸರು ಹೇಳಿದ, ಅದನ್ನು ಇಲ್ಲಿ ಬರೆದು ಉಪಯೋಗವಿಲ್ಲ. ಕೊರಳೊಳಗಿನ ಒಂದು ಗಂಟು ಕೆಲಸ ಬಿಟ್ಟಿದೆ, ಒಲೆ ಆರಿದ ಮನೆಯ ಹಾಗೆ ಮೈ ತಣ್ಣಗಾಗಿದೆ, ಹಾಕಿದ ಕಟ್ಟಿಗೆ ಉರಿಯದೆ ಒಳಗೇ ಬೀಳುತ್ತಿದೆ, ತಿಳಿದದ್ದು ಇಷ್ಟು. ಉಪವಾಸ ಬಿದ್ದು ಪ್ರಯೋಜನವಿಲ್ಲ, ಗುಳಿಗೆ ಇದೆ, ಮುಂಬಯಿಯಿಂದ ತರಿಸುತ್ತೇನೆ ಅಂದ. ಬದುಕಿರುವತನಕ ನುಂಗಬೇಕು ಅಂದ. ಗುಳಿಗೆ ಯಾವುದರದ್ದು ಎಂಬುದನ್ನೂ ಹೇಳಿದ. ಕುರಿಯ ಕೊರಳಿನ ಅದೇ ಗಂಟನ್ನು ಕೊಯ್ದು ಒಣಗಿಸಿ ಪುಡಿ ಮಾಡಿದ್ದು.

ನನ್ನ ಬಿ.ಎ. ನನಗೆ ಮಾಡಿದ ಉಪಕಾರ ಇದು. ಇಂಗ್ಲಿಷ್ ಬಾರದ ಒಕ್ಕಲಿಗನಾಗಿದ್ದರೆ ಸಾಹೇಬ ಕೊಟ್ಟ ಔಷಧ ಎಂದು ಕಣ್ಣು ಮುಚ್ಚಿ ನುಂಗಿ, ಶುದ್ಧನಾಗಿಯೇ ಉಳಿಯುತ್ತಿದ್ದೆ. ನಾವು ಲಿಂಗಾಯತರು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು ಹೇಳಿದರೆ ಬಾಯಿ ಮುಕ್ಕಳಿಸುತ್ತಾರೆ.

ಗುಳಿಗೆಯ ಬಾಟಲಿ ಬರುವತನಕ ಬೆಳಗಾವಿಯಲ್ಲೇ ಉಳಿದು, ಮರಳುವ ಗಾಡಿಯಲ್ಲಿ ಗಂಗವ್ವನಿಗೆ ಹೇಳಿದೆ.

"ಅದು ಕುರೀದು, ಗಂಗಾ."

"ಕುರಿ ಹಾಲಿಂದ?"

"ಹಾಲಲ್ಲ. ಕೊರಳಾಗಿಂದು. ಕೊಯ್ದದ್ದು."

ಬಾಯಿಗೆ ಸೆರಗು ಒತ್ತಿ ಹಿಡಿದಳು. ಆಮೇಲೆ ಹೇಳಿದಳು: "ನುಂಗ್ರಿ. ಅಡಗೀಮನ್ಯಾಗ ಬ್ಯಾಡ. ಲಿಂಗಕ್ಕ ಕಾಣೂ ಹಂಗ ಬ್ಯಾಡ. ಅತ್ತೀಯವರ ಕಿವಿಗೆ ಬಿದ್ರ ಅವರು ನೀರ ಬಿಟ್ಟು ಸಾಯತಾರ. ಅವರಿಗಂತೂ ಗೊತ್ತಾಗೂದ ಬ್ಯಾಡ."

ಲಿಂಗ ಬಿಚ್ಚಿಟ್ಟು ನುಂಗಿದರೆ ಒಂದು ತಪ್ಪು, ಕಟ್ಟಿಕೊಂಡು ನುಂಗಿದರೆ ಇನ್ನೊಂದು. ಅಂಗಿಯೊಳಗೆ ಸೇರಿಸಿ, ಮೇಲೆ ವಸ್ತ್ರ ಹೊದ್ದು, ಹಿತ್ತಲ ಕೊಟ್ಟಿಗೆಯಲ್ಲಿ ಎಮ್ಮೆ ಮೇವು ತಿನ್ನುವ ಗ್ವಾದಲಿಯ ಹತ್ತಿರ ನಿಂತು ನುಂಗಿದೆ. ಬೇರೆ ತಂಬಿಗೆ, ಬೇರೆ ನೀರು. ನಮ್ಮ ಮನೆತನದ ಮೊದಲ ಬಿ.ಎ. ಪ್ರತಿ ಮುಂಜಾನೆ ಎಮ್ಮೆಯ ಎದುರು ಕಳ್ಳನ ಹಾಗೆ ಬಾಯಿ ತೆರೆಯುತ್ತಿದ್ದ. ಇವತ್ತಿಗೂ ಅಲ್ಲೇ ನಿಂತು ನುಂಗುತ್ತೇನೆ. ತಪ್ಪು ಮಾಡಿದೆನೆಂದು ನನಗೆ ಅನಿಸಿಲ್ಲ. ಬದುಕಬೇಕಿತ್ತು, ನುಂಗಿದೆ.

ಮೊದಮೊದಲು ಎದೆ ಡವಡವ ಬಡಿದು ಹೆದರಿದೆ. ಬೆಳಗಾವಿಗೆ ಹೋಗಿ ತೋರಿಸಿದಾಗ ಸಾಹೇಬ ಗುಳಿಗೆ ಅರ್ಧ ಮಾಡಿದ. ಆಮೇಲೆ ಒಂದು ಮಧ್ಯಾಹ್ನ ಪೇಟೆಯಿಂದ ನಡೆದು ಬರುವಾಗ ಹಣೆಯಿಂದ ಏನೋ ಇಳಿದು ತುಟಿಗೆ ಬಂತು. ಉಪ್ಪು. ಬೆವರು! ಎಷ್ಟೋ ವರ್ಷದ ಮೇಲಿನ ಬೆವರು. ನಡುಬೀದಿಯಲ್ಲಿ ನಿಂತು ಕೈಯಿಂದ ಒರೆಸಿ ನೋಡಿಕೊಂಡೆ. ಮನೆಗೆ ಬಂದು ಹಣೆ ತೋರಿಸಿದರೆ ಗಂಗವ್ವ ಮುಟ್ಟಿ ನೋಡಿ ಅತ್ತಳು. ಕಂಬಳಿ ಅಟ್ಟಕ್ಕೆ ಹೋಯಿತು. ಸಿಂಪಿಗ ತಾನು ಕೂಡಿಸಿದ ಪಟ್ಟಿಗಳನ್ನು ತಾನೇ ಬಿಚ್ಚಿದ. ದನಿ ತಿರುಗಿ ಬಂತು. ಮೊದಲ ಸಲ ತಟ್ಟು ಹತ್ತಿದಾಗ ಇಮಾಮಸಾಬ ಅದರ ಕಿವಿಯ ಹತ್ತಿರ ಬಾಗಿ, "ಸಲಾಂ ಹೇಳಾಕ ಹತ್ತೈತ್ರಿ ಸಾಹೇಬರ, ಇನ್ನೊಬ್ಬರನ್ನ ಎಲ್ಲಿ ಇಳಿಸಿ ಬಂದ್ರಿ ಅಂತ ಕೇಳತೈತಿ" ಅಂದ.

ಇಲ್ಲಿಗೆ ಮುಗಿದಿದ್ದರೆ ಇದು ಸಿಹಿ ಕಥೆ ಆಗುತ್ತಿತ್ತು. ಆದರೆ ಊದಿದ ಮೈಯನ್ನು ಓದಿದ ಜನ ಇಳಿದ ಮೈಯನ್ನು ಓದದೆ ಬಿಡುತ್ತಾರೆಯೇ? ಬೆಳಗಾವಿಗೆ ಕೊನೆಯ ಸಲ ತೋರಿಸಲು ಹೋಗುವ ಮೊದಲು ಯರಗಟ್ಟಿಯಲ್ಲಿ ಮಾವ ಸಂಗಪ್ಪ ಸಿಕ್ಕ. ಮೇಲಿಂದ ಕೆಳಗಿನತನಕ ನೋಡಿದ.

"ಚಲೋ ಮಾಡಿದಿ, ಅಳಿಯಾ. ಬಿಟ್ಟದ್ದ ಚಲೋ ಆತು."

"ಏನ ಬಿಟ್ಟೆ, ಮಾವಾ?"

"ನನ್ನ ಮುಂದ ಯಾಕಪಾ? ದೂರು ಹೋತು, ತಿನ್ನೂದು ಬಿಟ್ಟಿ, ಹೊಟ್ಟಿ ಇಳೀತು. ಸಣ್ಣ ಹುಡುಗರಿಗೂ ತಿಳೀತೈತಿ. ಸಿಗಬೀಳೂ ಮೊದಲ ಬಿಟ್ಟಾಂವ ಶ್ಯಾಣ್ಯಾ. ಬಿ.ಎ. ಕಲತದ್ದು ಸಾರ್ಥಕ ಆತು."

"ಅದು ಬ್ಯಾನಿ ಇತ್ತು" ಎನ್ನಲು ಬಾಯಿ ತೆರೆದೆ. ಬೇನೆ ಎಂದರೆ ಔಷಧ ಯಾವುದು ಎನ್ನುತ್ತಾನೆ. ಅರಳಿ ಮಾರಲು ಬಂದವರ ಗಾಡಿಯಲ್ಲಿ ಮಾತು ಸಂಜೆಯೊಳಗೆ ಕಟಕೋಳ ಮುಟ್ಟುತ್ತದೆ, ಅವ್ವನ ಒಲೆಯ ಮುಂದೆ ಹೋಗಿ ನಿಲ್ಲುತ್ತದೆ. ನನ್ನ ಹೆಸರು ತೊಳೆಯುವ ನೀರು ಒಂದೇ ಇತ್ತು, ಅದರಲ್ಲಿ ಕುರಿಯ ರಕ್ತ ಬೆರೆತಿತ್ತು. ಬಾಯಿ ಮುಚ್ಚಿದೆ. ಮುಚ್ಚಿದ ಬಾಯಿಯನ್ನು ಅವನು ಒಪ್ಪಿಗೆ ಎಂದುಕೊಂಡ.

ಬೆಳಗಾವಿಯಲ್ಲಿ ಸಾಹೇಬ ದವಾಖಾನೆಯ ಅಂಗಳದಲ್ಲಿ ಒಬ್ಬ ಸವಾರನ ಕುದುರೆ ತರಿಸಿ ನನ್ನನ್ನು ಹತ್ತಿಸಿದ. ಸುತ್ತು ಹಾಕಿ ಇಳಿದೆ. ಅಲ್ಲೇ ನಿಂತು ಸರ್ಟಿಫಿಕೇಟು ಬರೆದು ಕೈಗೆ ಕೊಟ್ಟ. ಧಾರವಾಡಕ್ಕೆ ಒಯ್ಯುವ ಮೊದಲು ಕಟಕೋಳಕ್ಕೆ ಹೋದೆ. ಬೇರೆ ಯಾರು ಏನೇ ಅಂದುಕೊಳ್ಳಲಿ, ಅವ್ವನ ಕೈಯಲ್ಲಿ ಅದನ್ನು ಇಡಬೇಕೆನಿಸಿತ್ತು.

ಅವಳು ಪಡಸಾಲೆಯಲ್ಲಿ ಮೊರದೊಳಗೆ ಜೋಳ ಹಸನು ಮಾಡುತ್ತಿದ್ದಳು. ಈ ಸಲ ನಿವಾಳಿಸಲು ಏಳಲಿಲ್ಲ. ಸೀರೆಗೆ ಕೈ ಒರೆಸಿಕೊಂಡು ಕಾಗದ ಇಸಕೊಂಡಳು, ಕಣ್ಣಿಗೆ ಒತ್ತಿಕೊಂಡಳು.

"ಏನ ಬರದಾನ?"

"ನೆಟ್ಟಗದಾನ, ನೌಕರಿಗೆ ಯೋಗ್ಯ ಅದಾನ ಅಂತ ಬರದಾನ. ನೌಕರಿ ಉಳೀತವ್ವಾ."

ತಮ್ಮನ ಹೆಂಡತಿ ಒಳಗಿದ್ದಾಳೋ ಎಂದು ಹೊರಳಿ ನೋಡಿದಳು. ಕಾಗದವನ್ನು ನನ್ನ ಕೈಗೆ ತಿರುಗಿ ಕೊಟ್ಟು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ದನಿ ತಗ್ಗಿಸಿ ಹೇಳಿದಳು:

"ಯಪ್ಪಾ, ಯಾರ್ಯಾರ ಕಡಿಂದ ಇಸಗೊಂಡಿದ್ದಿ, ಅವರಿಗೆ ಹೊಳ್ಳಿ ಕೊಟ್ಟ ಬಂದ್ಬಿಡು. ಬ್ಯಾಳಿ ಗಡಗ್ಯಾಗ ನನ್ನ ಬೆಳ್ಳಿ ಕಡಗ ಅದಾವ. ಸಾಲದಿದ್ರ ಅವನ್ನೂ ಒಯ್ಯಿ."